ಸ್ವಕೃತಿಯ ಪುನರುಪಯೋಗ

ಕ್ರಿ.ಶ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನು ಇಂದಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಜೈನ ಪರಂಪರೆಗೆ ಸೇರಿದವನು. ತನ್ನ 592 ಸಂಸ್ಕೃತ ಸೂತ್ರಗಳಿಗೆ ತಾನೇ ‘ಭಾಷಾಮಂಜರಿ’ ಎಂಬ ವೃತ್ತಿಯನ್ನೂ ‘ಮಂಜರೀಮಕರಂದ’ವೆಂಬ ವ್ಯಾಖ್ಯಾನವನ್ನೂ ಬರೆದನು. ಸ್ವಕೃತಿಗೆ ಮರಳುವುದು ದೋಷವಲ್ಲವೆಂಬುದಕ್ಕೆ ಇದು ನಿದರ್ಶನ. ಇಲ್ಲಿ ಪ್ರತಿಯೊಂದಕ್ಕೂ ಬೇರೆ ಹೆಸರುಂಟು, ಪ್ರತಿಯೊಂದರಲ್ಲಿಯೂ ಹೊಸ ದುಡಿಮೆಯುಂಟು.

ಒಂದು ತರಗತಿಗೆ ಒಪ್ಪಿಸಿದ ಪ್ರಬಂಧವನ್ನೇ ಮತ್ತೊಂದಕ್ಕೆ ಹೊಸತೆಂದು ಒಪ್ಪಿಸುವ ವಿದ್ಯಾರ್ಥಿಯು, ‘ನನ್ನದನ್ನು ನಾನು ಕದಿಯುವುದೆಂತು?’ ಎಂದು ವಾದಿಸಬಹುದು. ಪರರ ಮಾತನ್ನು ಅವನು ಕದ್ದಿಲ್ಲ, ನಿಜ. ಆದರೆ ಒಂದೇ ದುಡಿಮೆಗೆ ಎರಡು ಕೂಲಿ ಪಡೆದಂತಾಯಿತು. ಶರಣರ ಕಾಯಕತತ್ತ್ವವು ಇದನ್ನು ಒಪ್ಪಲಾರದು.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಸಂಶೋಧನ ಪ್ರಬಂಧಗಳನ್ನು ಒಳಗೊಂಡು, ತರಗತಿಯ ಬರಹಗಳನ್ನು ಹೊರಗಿಟ್ಟಿತು. 2020ರ ಪ್ರಕಟಣೆಯು ಸ್ವಂತ ಪ್ರಕಟಿತ ಬರಹವನ್ನು ಉಲ್ಲೇಖವಿಲ್ಲದೆ ಮರುಬಳಸುವುದು ಸಲ್ಲದೆಂದಿತು. ವಿದ್ಯಾರ್ಥಿಯು ಬರೆಯಲು ಕಲಿಯುವ ತರಗತಿಗೇ ನಿಯಮವಿಲ್ಲದಂತಾದುದು ಈ ವ್ಯವಸ್ಥೆಯ ಕೊರತೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಭಟ್ಕಳ, ಹೊನ್ನಾವರ, ಕುಮಟಾ ಕಾಲೇಜುಗಳಲ್ಲಿ ಇದನ್ನು ತುಂಬಬೇಕಾದವರು ಅಧ್ಯಾಪಕರೇ. ಹಳೆಯದನ್ನು ಹಳೆಯದೆಂದು ಹೇಳಿ, ಹೊಸತನ್ನು ಬೇರ್ಪಡಿಸಿ ತೋರಿಸುವ ಪ್ರಾಮಾಣಿಕತೆಯನ್ನು ಮೊದಲ ವರ್ಷದಲ್ಲಿಯೇ ಕಲಿಸಬೇಕು. ವಚನಕ್ಕೆ ಅಂಕಿತವೆಂತೋ ಪ್ರಬಂಧಕ್ಕೆ ಈ ಒಪ್ಪಿಗೆಯ ಮಾತು ಅಂತು.