ರುಬ್ಬುವ ಕೈ, ಬಾರಿಸುವ ಕೈ

ನಮ್ಮ ಕಡೆ ಸಂಗೀತ ಕಲಿಯುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಯಾವ ಊರಿಗೆ ಹೋದರೂ ಸಂಜೆಯ ಹೊತ್ತು ಯಾವುದಾದರೊಂದು ಮನೆಯಿಂದ ಸರಳೆ, ಜಂಟಿವರಸೆ ಕೇಳಿಬರುತ್ತದೆ. ವೀಣೆಗೂ ಪಿಟೀಲಿಗೂ ಹೆಣ್ಣುಮಕ್ಕಳನ್ನು ಸಂತೋಷದಿಂದ ಕೂರಿಸುತ್ತೇವೆ. ಬಾರಿಸುವ ವಾದ್ಯದ ಮಾತು ಬಂದಾಗ ಮಾತ್ರ ಮನೆಯ ಹಿರಿಯರ ಮುಖ ಸ್ವಲ್ಪ ಬದಲಾಗುತ್ತದೆ. ಮೃದಂಗವಾದರೆ ‘ನೋಡೋಣ’ ಎನ್ನುತ್ತಾರೆ. ಡ್ರಮ್ ಸೆಟ್ ಎಂದರೆ ನಗುತ್ತಾರೆ. ತಮಟೆ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನನ್ನ ತಂಗಿಯ ಮಗಳು ಡ್ರಮ್ ಸೆಟ್ ಕಲಿಯುತ್ತೇನೆಂದು ಹಟ ಹಿಡಿದಳು. ಗಣೇಶನ ಪೆಂಡಾಲಿನ ವಾದ್ಯಗೋಷ್ಠಿಗಳಲ್ಲಿ ಎಲ್ಲರೂ ಹಾಡುವವರನ್ನು ನೋಡುತ್ತಿದ್ದರೆ ಅವಳು ಹಿಂದೆ ಕೂತು ಬಾರಿಸುವವನನ್ನು ನೋಡುತ್ತಿದ್ದಳಂತೆ. ಮೊದಲು ಹೋದ ಕಡೆ ‘ಹುಡುಗಿಗೆ ಕೀಬೋರ್ಡ್ ಸೇರಿಸಿ, ಚೆನ್ನಾಗಿರುತ್ತದೆ’ ಎಂದು ಬುದ್ಧಿ ಹೇಳಿ ಕಳಿಸಿದರು. ಎರಡನೆಯ ಕಡೆ ಸೇರಿಸಿಕೊಂಡರು. ರಜೆಗೆ ಕಳವಾರಕ್ಕೆ ನಮ್ಮ ಮನೆಗೆ ಬಂದಾಗ ಒಂದು ಜೊತೆ ಕೋಲು, ರಬ್ಬರಿನ ಅಭ್ಯಾಸದ ಪ್ಯಾಡು, ಎರಡು ಪುಸ್ತಕ ತಂದಿದ್ದಳು. ಕಥೆ, ಕವಿತೆಯ ಪುಸ್ತಕಗಳ ಗುಣದೋಷ ಹೇಳುವುದು ನನ್ನ ಅಭ್ಯಾಸ. ಅದೇ ಕಣ್ಣಿನಿಂದ ಈ ತಾಳದ ಪುಸ್ತಕಗಳನ್ನೂ ಯಾಕೆ ನೋಡಬಾರದು ಎನ್ನಿಸಿತು.

ಮೊದಲು ವಾದ್ಯದ ಮಾತು. ಡ್ರಮ್ ಸೆಟ್ ಒಂದು ವಾದ್ಯವಲ್ಲ, ಹಲವು ವಾದ್ಯಗಳ ಒಟ್ಟು ಕುಟುಂಬ. ಮೆರವಣಿಗೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮನ್ನು ಒಬ್ಬ, ಸಣ್ಣ ಸ್ನೇರ್ ಡ್ರಮ್ಮನ್ನು ಇನ್ನೊಬ್ಬ, ತಾಳದ ತಟ್ಟೆಗಳನ್ನು ಮತ್ತೊಬ್ಬ ಬಾರಿಸುತ್ತಾರೆ. ನಮ್ಮ ಮದುವೆಯ ಬ್ಯಾಂಡ್ ಸೆಟ್ಟಿನಲ್ಲೂ ಹೀಗೆಯೇ. ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ, ಈ ಮೂವರ ಕೆಲಸವನ್ನು ಕುರ್ಚಿಯ ಮೇಲೆ ಕೂತ ಒಬ್ಬನಿಗೇ ವಹಿಸುವ ಏರ್ಪಾಡು ಬೆಳೆಯಿತು. ಜಾಗವೂ ಉಳಿತಾಯ, ಸಂಬಳವೂ ಉಳಿತಾಯ. 1909ರಲ್ಲಿ ಲುಡ್ವಿಗ್ ಎಂಬುವರು ಕಾಲಿನಿಂದ ದೊಡ್ಡ ಡ್ರಮ್ ಹೊಡೆಯುವ ಒಳ್ಳೆಯ ಪೆಡಲನ್ನು ಮಾರುಕಟ್ಟೆಗೆ ತಂದರು. 1920ರ ದಶಕದಲ್ಲಿ ಎಡಗಾಲಿಗೆ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆ ಬಂತು. ಅಲ್ಲಿಗೆ ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಕೆಲಸ ಸಿಕ್ಕಿತು. ಮೂರು ಜನರ ಕೆಲಸ ಒಬ್ಬರ ಮೈಮೇಲೆ ಬೀಳುವುದು ನಮಗೆ ಹೊಸ ಸಂಗತಿಯೇನಲ್ಲ, ಅಲ್ಲವೇ?

ಇವರು ‘ಗ್ರೂವ್’ ಎನ್ನುವುದಕ್ಕೆ ನಮ್ಮಲ್ಲಿ ‘ನಡೆ’ ಎಂಬ ಚೆಂದದ ಮಾತಿದೆ. ಸುತ್ತಿ ಸುತ್ತಿ ಬರುವ, ಕೇಳಿದವರ ಕಾಲು ತಾನಾಗಿ ಆಡುವ ಹಾಗೆ ಮಾಡುವ ತಾಳದ ನಡಿಗೆ. ಎಲ್ಲರೂ ಮೊದಲು ಕಲಿಯುವ ನಡೆ ಬಹಳ ಸರಳ. ‘ಒಂದು-ಮತ್ತು-ಎರಡು-ಮತ್ತು-ಮೂರು-ಮತ್ತು-ನಾಲ್ಕು-ಮತ್ತು’ ಎಂದು ಎಣಿಸುತ್ತ ಬಲಗೈ ಹೈ-ಹ್ಯಾಟಿನ ಮೇಲೆ ಎಂಟು ಪೆಟ್ಟು ಹಾಕುತ್ತದೆ. ಬಲಗಾಲು ಒಂದಕ್ಕೂ ಮೂರಕ್ಕೂ ದೊಡ್ಡ ಡ್ರಮ್ ಹೊಡೆಯುತ್ತದೆ. ಎಡಗೈ ಎರಡಕ್ಕೂ ನಾಲ್ಕಕ್ಕೂ ಸ್ನೇರ್ ಮೇಲೆ ಬೀಳುತ್ತದೆ. ಸಿನಿಮಾ ಹಾಡುಗಳಲ್ಲಿ ಎಷ್ಟೋ ಹಾಡು ಈ ಒಂದು ನಡೆಯ ಮೇಲೆಯೇ ನಡೆದುಹೋಗುತ್ತವೆ. ಕಷ್ಟ ಶುರುವಾಗುವುದು ಇನ್ನೊಂದು ಕಾಲಿನ ಪೆಟ್ಟನ್ನು ಎರಡಾದ ಮೇಲಿನ ‘ಮತ್ತು’ವಿಗೆ ಸೇರಿಸಿದಾಗ. ಕಾಲು ಹೊಸ ಜಾಗಕ್ಕೆ ಹೋದ ಕೂಡಲೆ, ಅಲ್ಲಿಯವರೆಗೆ ತಪ್ಪದೆ ನಡೆಯುತ್ತಿದ್ದ ಬಲಗೈ ತಡವರಿಸುತ್ತದೆ, ಇಲ್ಲವೆ ಎಡಗೈ ಕಾಲಿನ ಜೊತೆಗೆ ಓಡಿಬಂದು ಬೀಳುತ್ತದೆ. ‘ದೊಡ್ಡಮ್ಮ, ಕಾಲು ಹಾಕಿದ್ರೆ ಕೈ ಮರ್ತೋಗ್ತದೆ’ ಎಂದು ಮಗು ಅಳುಮೋರೆ ಮಾಡಿದ್ದಳು. ಅವಳಲ್ಲಿ ದೋಷವಿರಲಿಲ್ಲ. ಕೈಕಾಲುಗಳು ಒಟ್ಟಿಗೆ ಆಡಲು ಬಯಸುವುದು ಮೈಯ ಸ್ವಭಾವ. ಆ ಸ್ವಭಾವವನ್ನು ನಿಧಾನವಾಗಿ ಬಿಡಿಸಿ ಮತ್ತೆ ಕಟ್ಟುವುದೇ ಅಭ್ಯಾಸ.

ಈಗ ಪುಸ್ತಕಗಳಿಗೆ ಬರುತ್ತೇನೆ. ಮೊದಲನೆಯದು ಜಾರ್ಜ್ ಲಾರೆನ್ಸ್ ಸ್ಟೋನ್ ಎಂಬುವರ ‘ಸ್ಟಿಕ್ ಕಂಟ್ರೋಲ್’. 1935ರಲ್ಲಿ ಬಂದದ್ದು, ಡ್ರಮ್ ಕಲಿಯುವವರು ಇಂದಿಗೂ ಬಿಟ್ಟಿಲ್ಲ. ಇದರಲ್ಲಿ ಹಾಡಿಲ್ಲ, ರಾಗವಿಲ್ಲ. ಬಲ-ಎಡ-ಬಲ-ಎಡ, ಬಲ-ಬಲ-ಎಡ-ಎಡ, ಬಲ-ಎಡ-ಬಲ-ಬಲ ಹೀಗೆ ಪುಟಗಟ್ಟಲೆ. ಒಂದೊಂದು ಪಾಠವನ್ನೂ ಇಪ್ಪತ್ತು ಸಲ, ನಿಲ್ಲಿಸದೆ, ಬಾರಿಸಬೇಕೆಂದು ಸೂಚನೆ. ನಮ್ಮ ಸರಳೆವರಸೆಯ ಹಾಗೆ ಇದು ಕೈಯ ಹದಕ್ಕೆ ಬರೆದ ಪುಸ್ತಕ. ಎಡಗೈಗೂ ಬಲಗೈಗೂ ಸಮನಾದ ಕೆಲಸ ಕೊಡುವ ಅದರ ನ್ಯಾಯಬುದ್ಧಿ ನನಗೆ ಹಿಡಿಸಿತು. ಬಲಗೈಯ ದರ್ಬಾರಿನಲ್ಲಿ ಬಾಳುವ ನಮಗೆ ಎಡಗೈಯಿಂದ ಪಾಠ ಶುರುಮಾಡು ಎನ್ನುವ ಪುಟ ಒಂದು ಹೊಸ ಗಾಳಿಯಂತೆಯೇ ಕಂಡಿತು.

ಎರಡನೆಯದು ಜಿಮ್ ಚಾಪಿನ್ ಅವರ 1948ರ ಪುಸ್ತಕ. ಜಾಝ್ ಬಾರಿಸುವವರಿಗಾಗಿ ಬರೆದದ್ದು. ಬಲಗೈ ತಟ್ಟೆಯ ಮೇಲೆ ಒಂದೇ ನಡೆಯನ್ನು ಬಿಡದೆ ಹಿಡಿದಿರಬೇಕು. ಅದರ ಕೆಳಗೆ ಎಡಗೈ ಬಗೆಬಗೆಯ ಮಾತಾಡಬೇಕು, ಆಮೇಲೆ ಕಾಲು ಬಂದು ಸೇರಬೇಕು. ಈ ವಿದ್ಯೆಗೆ ಚಾಪಿನ್ ಇಟ್ಟ ಹೆಸರು ‘ಹೊಂದಿಕೊಂಡ ಸ್ವಾತಂತ್ರ್ಯ’ ಎಂಬ ಅರ್ಥದ್ದು. ಒಳ್ಳೆಯ ಹೆಸರು. ಆದರೆ ಕಲಿಯುವವರ ಬಾಯಲ್ಲಿ ಮುಂದಿನ ಪದ ಬಿದ್ದುಹೋಗಿ ‘ಸ್ವಾತಂತ್ರ್ಯ’ ಒಂದೇ ಉಳಿದಿದೆ. ಪ್ರತಿ ಅಂಗವೂ ಸ್ವತಂತ್ರ, ಒಂದಕ್ಕೆ ಇನ್ನೊಂದರ ಹಂಗಿಲ್ಲ ಎಂಬಂತೆ ಮಾತಾಡುತ್ತಾರೆ. ಇದು ಸರಿಯಲ್ಲವೆಂದೇ ನನ್ನ ಅನಿಸಿಕೆ. ಬಲಗೈ ಹಿಡಿದ ನಡೆಯನ್ನು ಎಡಗೈ ಕೇಳಿಸಿಕೊಳ್ಳದಿದ್ದರೆ ಅಲ್ಲಿ ಸದ್ದಿರುತ್ತದೆ, ತಾಳವಿರುವುದಿಲ್ಲ. ಒಂದೇ ಮನೆಯಲ್ಲಿದ್ದು ಒಬ್ಬರ ಮಾತು ಒಬ್ಬರಿಗೆ ಕೇಳದ ಸಂಸಾರದ ಹಾಗೆ.

ಈ ಹೊಂದಾಣಿಕೆ ನಮ್ಮ ಹೆಂಗಸರ ಕೈಗೆ ಹೊಸದಲ್ಲ. ಒರಳುಕಲ್ಲಿನಲ್ಲಿ ಹಿಟ್ಟು ರುಬ್ಬಿದವರಿಗೆ ಇದು ಗೊತ್ತು. ಬಲಗೈ ಗುಂಡುಕಲ್ಲನ್ನು ಒಂದೇ ಲಯದಲ್ಲಿ ತಿರುಗಿಸುತ್ತಿರುತ್ತದೆ. ಎಡಗೈ ಸುತ್ತಿಗೊಮ್ಮೆ ಸಂದು ನೋಡಿ ಹಿಟ್ಟನ್ನು ಒಳಕ್ಕೆ ತಳ್ಳುತ್ತದೆ. ಲೆಕ್ಕ ತಪ್ಪಿದರೆ ಬೆರಳು ಜಜ್ಜಿಹೋಗುತ್ತದೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಒಬ್ಬಳದು ಏಳಬೇಕು, ಇನ್ನೊಬ್ಬಳದು ಬೀಳಬೇಕು. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯಲ್ಲಿ ಬಿಸಿನೀರಿನ ಬಾನಿಯಿಂದ ಗೂಡಿನ ಎಳೆಯ ತುದಿ ಹುಡುಕಿ, ಓಡುತ್ತಿರುವ ನೂಲಿಗೆ ಕ್ಷಣದಲ್ಲಿ ಸೇರಿಸುವ ಬೆರಳುಗಳನ್ನು ನೋಡಿದವರು ಚಾಪಿನ್ ಪುಸ್ತಕಕ್ಕೆ ಹೆದರಬೇಕಾಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಬರಿಯ ಹೊಗಳಿಕೆಯಾಗುತ್ತದೆ. ‘ಹೆಂಗಸರಿಗೆ ಹತ್ತು ಕೈ’ ಎಂಬ ಹೊಗಳಿಕೆಯನ್ನು ಬೇಕಾದಷ್ಟು ಕೇಳಿದ್ದೇವೆ. ಹತ್ತು ಕೈ ಇದೆಯೆಂದು ಹನ್ನೊಂದನೆಯ ಕೆಲಸ ಹೇಳುತ್ತಾರೆಯೇ ಹೊರತು ಒಂದು ಜೊತೆ ಕೋಲು ಕೊಡುವುದಿಲ್ಲ. ರುಬ್ಬುವ ಕೈಯ ಲಯ ಹಿಟ್ಟಿನಲ್ಲಿ ಮುಗಿದುಹೋಗುತ್ತದೆ. ಬಾರಿಸುವ ಕೈಯ ಲಯ ನಾಲ್ಕು ಜನಕ್ಕೆ ಕೇಳುತ್ತದೆ. ವ್ಯತ್ಯಾಸವಿರುವುದು ಅಲ್ಲಿ. ಹೆಣ್ಣಿನ ಕೈಗೆ ತಾಳ ಬರುವುದಿಲ್ಲ ಎಂದು ಯಾರೂ ನಿಜವಾಗಿ ನಂಬಿಲ್ಲ. ಹೆಣ್ಣಿನ ಸದ್ದು ಬೀದಿಗೆ ಕೇಳಬಾರದು ಎಂಬುದನ್ನು ಮಾತ್ರ ಬಹಳ ಜನ ನಂಬಿದ್ದಾರೆ.

ಸದ್ದಿನ ಮಾತು ಬಂದಮೇಲೆ ತಮಟೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಊರದೇವತೆಯ ಜಾತ್ರೆಗೆ ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಸಾಲಾಗಿ ನಡೆಯುತ್ತಾರೆ. ತಲೆಯ ಮೇಲೆ ದೀಪ, ಮುಂದೆ ತಮಟೆ. ದೀಪ ಆರದ ಹಾಗೆ, ಹೆಜ್ಜೆ ತಪ್ಪದ ಹಾಗೆ ನಡೆಯುವ ಆ ಸಾಲು ನೋಡಿದರೆ ತಾಳಕ್ಕೆ ‘ನಡೆ’ ಎಂದು ಹೆಸರಿಟ್ಟವರು ಬಲ್ಲವರು ಎನ್ನಿಸುತ್ತದೆ. ತಮಟೆಯ ಕೆಲಸವೂ ಸುಲಭದ್ದಲ್ಲ. ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ಎರಡರ ತೂಕವೂ ಬೇರೆ, ಪೆಟ್ಟೂ ಬೇರೆ, ಬೀಳುವುದು ಒಂದೇ ಚರ್ಮದ ಮೇಲೆ. ಅದರ ಜೊತೆಗೆ ಕುಣಿಯಲೂ ಬೇಕು. ಇದನ್ನು ಯಾವ ಪುಸ್ತಕವೂ ಕಲಿಸಲಿಲ್ಲ. ಗುಂಪಿನಲ್ಲಿ ನಿಂತು, ಪಕ್ಕದವನ ಕೈ ನೋಡಿ, ಕಿವಿಯಿಂದ ಕಲಿತದ್ದು. ಡ್ರಮ್ ಸೆಟ್ಟಿನಲ್ಲಿ ಒಬ್ಬರ ನಾಲ್ಕು ಅಂಗಗಳು ಹಂಚಿಕೊಳ್ಳುವ ನಡೆಯನ್ನು ಇಲ್ಲಿ ನಾಲ್ಕು ಜನ ಹಂಚಿಕೊಳ್ಳುತ್ತಾರೆ.

ಆದರೆ ಈ ವಿದ್ಯೆಯನ್ನು ಹೊತ್ತವರು ದಲಿತರು. ಸಾವಿಗೂ ಸಾರಿಕೆಗೂ ತಮಟೆ ಬಡಿಯುವುದು ಅವರ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಬೇಡವೆಂದು ತಮಟೆ ಕೆಳಗಿಟ್ಟವರೂ ಇದ್ದಾರೆ. ಅವರ ನಿರ್ಧಾರವನ್ನು ಕಲೆಯ ಹೆಸರಿನಲ್ಲಿ ಪ್ರಶ್ನಿಸುವ ಹಕ್ಕು ನಮಗಿಲ್ಲ. ಅದೇ ವಾದ್ಯವನ್ನು ವೇದಿಕೆಗೆ ತಂದು ಗೌರವ ದೊರಕಿಸಿದವರು ನಮ್ಮ ಸೀಮೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಟ್ಟಣದ ಮನೆಗಳಲ್ಲಿ ಲಂಡನ್ನಿನ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸುವ ನಾವು, ಪಕ್ಕದ ಹಳ್ಳಿಯ ಗುರುವಿನ ಹತ್ತಿರ ಮಕ್ಕಳನ್ನು ಕಳಿಸಲು ಯಾಕೆ ಹಿಂಜರಿಯುತ್ತೇವೆ? ವಾದ್ಯಕ್ಕೂ ಜಾತಿ ಹಚ್ಚಿದ್ದೇವೆ, ಆಮೇಲೆ ಅದಕ್ಕೆ ಲಿಂಗವನ್ನೂ ಸೇರಿಸಿದ್ದೇವೆ. ‘ನೋಡೋಣ’, ನಗು, ಮೌನ, ಈ ಮೂರಕ್ಕೂ ಉತ್ತರ ಇಲ್ಲಿದೆ.

ಕಲಿಸುವ ರೀತಿಯಲ್ಲಿ ನಮ್ಮವರು ಒಂದು ಹೆಜ್ಜೆ ಮುಂದೆ ಇದ್ದಾರೆ ಎಂದು ಹೇಳಿದರೆ ಅಭಿಮಾನದ ಮಾತಲ್ಲ. ನಮ್ಮಲ್ಲಿ ತಾಳ ಮೊದಲು ಬಾಯಿಗೆ ಬರುತ್ತದೆ, ಆಮೇಲೆ ಕೈಗೆ. ‘ತಕಿಟ’ ಎಂದು ನಾಲ್ಕು ಸಲ ಹೇಳಿದರೆ ಹನ್ನೆರಡು ಅಕ್ಷರ, ‘ತಕಧಿಮಿ’ ಎಂದು ಮೂರು ಸಲ ಹೇಳಿದರೂ ಹನ್ನೆರಡೇ. ಬಾಯಲ್ಲಿ ಒಂದನ್ನು ಹೇಳುತ್ತ ಕೈಯಲ್ಲಿ ಇನ್ನೊಂದನ್ನು ತಟ್ಟಿದರೆ ಎರಡೂ ಒಂದೇ ಜಾಗದಲ್ಲಿ ಬಂದು ಸೇರುತ್ತವೆ. ಪುಸ್ತಕ ಹಲವು ಪುಟಗಳಲ್ಲಿ ಹೇಳುವ ಹೊಂದಾಣಿಕೆಯ ಗುಟ್ಟು ಇದು. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯವರು ಜಾಝ್ ಸಂಗೀತಗಾರರ ಜೊತೆ ಕೂತು ನುಡಿಸಿದ್ದಾರೆ. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ಮಾಡಿದ ‘ಜ್ಯೋತಿ’ 1983ರಲ್ಲಿ ಬಂತು. ಅದರಲ್ಲಿ ಮುಂದೆ ನಿಂತು ಹಾಡಿದವರು ಆರ್.ಎ. ರಮಾಮಣಿ. ನನ್ನ ತಂಗಿಯ ಮಗಳಿಗೂ ಕಾಲಿನ ಆ ಹಠಮಾರಿ ಪೆಟ್ಟು ಕೂತದ್ದು, ಪುಸ್ತಕ ಮುಚ್ಚಿ, ಇಡೀ ನಡೆಯನ್ನು ಬಾಯಲ್ಲಿ ಹೇಳಿಕೊಳ್ಳಲು ಶುರುಮಾಡಿದ ಮೇಲೆ.

ಹೆಣ್ಣಿಗೆ ಶಕ್ತಿ ಸಾಲದು ಎಂಬ ಹಳೆಯ ವಾದಕ್ಕೆ ಉತ್ತರ ಕೊಟ್ಟವರು ಬೇಕಾದಷ್ಟು ಜನ. ಅಮೆರಿಕದ ವಯೋಲಾ ಸ್ಮಿತ್ 1942ರಲ್ಲೇ, ಯುದ್ಧಕ್ಕೆ ಹೋದ ಗಂಡಸರ ಜಾಗದಲ್ಲಿ ವಾದ್ಯವೃಂದಗಳು ಹೆಂಗಸರನ್ನು ಯಾಕೆ ತೆಗೆದುಕೊಳ್ಳಬಾರದೆಂದು ಪತ್ರಿಕೆಯಲ್ಲಿ ಬರೆದ ಡ್ರಮ್ ವಾದಕಿ. ಅವರು 2020ರಲ್ಲಿ ತೀರಿಕೊಂಡಾಗ 107 ವರ್ಷ. ನಮ್ಮಲ್ಲಿ ಬೆಂಗಳೂರಿನಲ್ಲಿ ನೆಲೆಸಿದ ಸುಕನ್ಯಾ ರಾಮಗೋಪಾಲ್ ಗಟ್ಟಿ ಮಣ್ಣಿನ ಘಟವನ್ನು ಬೆರಳಿನಿಂದ ಒಲಿಸಿಕೊಂಡರು. ಹೆಣ್ಣಿನ ಜೊತೆ ನುಡಿಸಲು ಒಪ್ಪದ ಮೃದಂಗ ವಾದಕರೂ ಇದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ಸುಮ್ಮನೆ ಕೂರಲಿಲ್ಲ. ಹಲವು ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ಘಟ ತರಂಗ ನುಡಿಸಿದರು, 1995ರಲ್ಲಿ ‘ಸ್ತ್ರೀ ತಾಳ್ ತರಂಗ್’ ಎಂಬ ಹೆಂಗಸರದೇ ತಂಡ ಕಟ್ಟಿದರು. ಪಟ್ನಾ ಹತ್ತಿರದ ಢಿಬರಾ ಹಳ್ಳಿಯ ದಲಿತ ಹೆಂಗಸರು ಡ್ರಮ್ ಕಟ್ಟಿಕೊಂಡು ಮದುವೆಗಳಲ್ಲಿ ಬ್ಯಾಂಡ್ ಬಾರಿಸಿ ದುಡಿದದ್ದೂ ಈಚಿನ ಮಾತೇ. ನಮ್ಮ ನಾಡಿನ ಮೆರವಣಿಗೆಗಳಲ್ಲಿ ಡೊಳ್ಳು ಹೊತ್ತ ಹೆಂಗಸರನ್ನು ನಾವೇ ನೋಡಿದ್ದೇವೆ. ಡೊಳ್ಳಿನ ಭಾರ ಹೊರುವವರಿಗೆ ಡ್ರಮ್ ಕೋಲಿನ ಭಾರ ಎಷ್ಟರದು?

ಹಾಗಾದರೆ ಕೊರತೆ ಯಾವುದರದು? ಸ್ಟೋನ್ ಪುಸ್ತಕದ ಆ ಸೂಚನೆಗೆ ಹಿಂತಿರುಗಬೇಕು: ಇಪ್ಪತ್ತು ಸಲ, ನಿಲ್ಲಿಸದೆ. ಪುಸ್ತಕ ಬರೆದವರಿಗೆ ಇದು ಸಣ್ಣ ಮಾತು. ನಮ್ಮ ಮನೆಗಳ ಹೆಣ್ಣಿಗೆ ಇದಕ್ಕಿಂತ ದೊಡ್ಡ ಬೇಡಿಕೆಯಿಲ್ಲ. ಏಳನೆಯ ಸಲಕ್ಕೆ ಹಾಲು ಉಕ್ಕುತ್ತದೆ, ಒಂಬತ್ತನೆಯದಕ್ಕೆ ಬಾಗಿಲು ಬಡಿಯುತ್ತದೆ, ಹನ್ನೆರಡಕ್ಕೆ ‘ಸ್ವಲ್ಪ ನೀರು ಕೊಡಮ್ಮ’ ಎಂಬ ಕೂಗು ಬರುತ್ತದೆ. ಹುಡುಗ ಅಭ್ಯಾಸ ಮಾಡುತ್ತಿದ್ದರೆ ‘ಪಾಪ, ಓದ್ಕೊಳ್ತಿದಾನೆ’ ಎಂದು ಬಾಗಿಲು ಮುಂದೆ ಮಾಡುತ್ತೇವೆ. ಹುಡುಗಿ ಕೂತಿದ್ದರೆ ಅವಳು ಬಿಡುವಾಗಿದ್ದಾಳೆ ಎಂದು ತಿಳಿಯುತ್ತೇವೆ. ಹೀಗೆ ಕೂಗುವವರು ಗಂಡಸರಷ್ಟೇ ಅಲ್ಲ, ನಾವೂ ಹೌದು. ಕೈಕಾಲಿನ ಹೊಂದಾಣಿಕೆ ಕೂರುವುದು ತಡೆಯಿಲ್ಲದ ಪುನರಾವರ್ತನೆಯಿಂದ. ನಡುವೆ ಎದ್ದುಹೋದರೆ ಮತ್ತೆ ಒಂದರಿಂದಲೇ ಶುರುಮಾಡಬೇಕು. ವಾದ್ಯಕ್ಕೆ ದುಡ್ಡಿಲ್ಲದಿದ್ದರೆ ದಿಂಬಿನ ಮೇಲೆ ಬಾರಿಸಬಹುದು. ಕೋಲು ಪುಟಿಯದೇ ಇರುವುದರಿಂದ ಮಣಿಕಟ್ಟು ಇನ್ನಷ್ಟು ಗಟ್ಟಿಯಾಗುತ್ತದೆ, ಅಕ್ಕಪಕ್ಕದವರಿಗೂ ತೊಂದರೆಯಿಲ್ಲ. ಸಮಯಕ್ಕೆ ಮಾತ್ರ ಅಂಥ ದಿಂಬಿಲ್ಲ.

ಆದ್ದರಿಂದ ಈ ಪುಸ್ತಕಗಳ ಬಗ್ಗೆ ನನ್ನ ಕಡೆಯ ಮಾತು ಇಷ್ಟು. ಕೈಗೆ ಅವು ಒಳ್ಳೆಯ ಮೇಷ್ಟ್ರು, ಕಿವಿಗೆ ಅಲ್ಲ. ಅವುಗಳ ಜೊತೆಗೆ ಬಾಯಿಪಾಠವಿರಲಿ, ಸಾಧ್ಯವಾದರೆ ಒಂದು ತಮಟೆಯ ಗುಂಪಿನ ಸಹವಾಸವೂ ಇರಲಿ. ಪುಸ್ತಕದ ಅಂಗಡಿಯಲ್ಲಿ ಸಿಗದೇ ಇರುವುದು ಒಂದೇ. ಅದನ್ನು ಮನೆಯವರೇ ಕೊಡಬೇಕು. ದಿನಕ್ಕೆ ಅರ್ಧ ಗಂಟೆ, ಯಾರೂ ಕರೆಯದ ಅರ್ಧ ಗಂಟೆ, ಮನೆಯ ಹೆಣ್ಣುಮಗುವಿಗೆ. ಅದು ಅಭ್ಯಾಸವಾದ ಮೇಲೆ ಅದರ ಅಮ್ಮನಿಗೂ.