ಶಿಬಿರ ಮುಗಿದ ಮೇಲಿನ ಲೆಕ್ಕ

ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನನ್ನು ಸ್ತುತಿಸಿದ್ದಾರೆ. ಆ ಚಕ್ರವರ್ತಿಯ ರಾಜಧಾನಿಯಾದ ಮಾನ್ಯಖೇಟವೇ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಲೌಕಿಕ ವ್ಯವಹಾರಕ್ಕೂ ಧಾರ್ಮಿಕ ವ್ಯವಹಾರಕ್ಕೂ ಗಣಿತವು ಅವಶ್ಯವೆಂಬುದನ್ನು ಆಚಾರ್ಯರು ಗ್ರಂಥದ ಆರಂಭದಲ್ಲಿಯೇ ಪ್ರತಿಪಾದಿಸುತ್ತಾರೆ. ಇಂಥ ನೆಲದಲ್ಲಿ ಒಂದು ಧರ್ಮಕಾರ್ಯದ ಲೆಕ್ಕವು ಅರ್ಧಕ್ಕೇ ನಿಲ್ಲುವುದು ಶೋಭಿಸದು. ಮದ್ಯ ಹಾಗೂ ಮಾದಕ ವಸ್ತುಗಳಿಂದ ಜನರನ್ನು ಬಿಡಿಸುವ ಸೇವೆಯ ಲೆಕ್ಕವು ಇಂದು ಬಹುತೇಕ ಹಾಗೆ ಅರ್ಧಕ್ಕೇ ನಿಂತಿದೆ.

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ, ಜನಜಾಗೃತಿ ವೇದಿಕೆಯ ಮೂಲಕ ನಡೆದುಬಂದಿರುವ ಮದ್ಯವರ್ಜನ ಶಿಬಿರಗಳು ಕರ್ನಾಟಕದಲ್ಲಿ ಈ ಸೇವೆಗೆ ಒಂದು ಮಾದರಿಯನ್ನು ನಿರ್ಮಿಸಿವೆ. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನಗಳ ವಾಸ, ಯೋಗ, ಭಜನೆ, ಉಪದೇಶ, ಸಮಾಲೋಚನೆ. ಮನೆಗೆ ಮರಳಿದವರಿಗಾಗಿ ನವಜೀವನ ಸಮಿತಿ. ಆಸ್ಪತ್ರೆಯ ಮೆಟ್ಟಿಲನ್ನು ಎಂದೂ ಹತ್ತದ ಕೂಲಿಕಾರನನ್ನು ಅವನ ಊರಿನವರೇ ಕೈಹಿಡಿದು ಕರೆತರುವುದು ಈ ಪದ್ಧತಿಯ ನಿಜವಾದ ಹಿರಿಮೆ. ಇದರ ಸದುದ್ದೇಶವನ್ನು ಯಾರೂ ಶಂಕಿಸಲಾರರು. ವಿಮರ್ಶೆ ಬೇಕಾಗಿರುವುದು ಇಂಥ ಸೇವೆಗಳ ಫಲವನ್ನು ಎಣಿಸುವ ರೀತಿಗೆ.

ಇದು ಎಷ್ಟನೆಯ ಶಿಬಿರ, ಎಷ್ಟು ಮಂದಿ ಪಾಲ್ಗೊಂಡರು, ಎಷ್ಟು ಮಂದಿ ಪ್ರತಿಜ್ಞೆ ಸ್ವೀಕರಿಸಿದರು ಎಂಬ ಸಂಖ್ಯೆಗಳೇ ಸಮಾರೋಪದ ವರದಿಗಳಲ್ಲಿ ಮುಂದೆ ನಿಲ್ಲುತ್ತವೆ. ಸರ್ಕಾರದ ರೀತಿಯೂ ಇದಕ್ಕಿಂತ ಭಿನ್ನವಲ್ಲ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾದ ನಶಾಮುಕ್ತ ಭಾರತ ಅಭಿಯಾನದ ಪ್ರಕಟಣೆಗಳು ‘ತಲುಪಿದ’ ಜನರನ್ನು ಕೋಟಿಗಳಲ್ಲಿ ಎಣಿಸುತ್ತವೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಕಲಬುರಗಿ ಜಿಲ್ಲೆಯಲ್ಲಿ 1,300 ಕಿಲೋಗೂ ಹೆಚ್ಚು ಗಾಂಜಾ ವಶಪಡಿಸಿಕೊಂಡಾಗಲೂ ಸುದ್ದಿಯಾದದ್ದು ತೂಕವೇ. ವ್ಯಸನಿಗಳ ಸಂಖ್ಯೆ ಕುಗ್ಗಿತೇ ಎಂಬುದು ಆ ತೂಕದಿಂದ ತಿಳಿಯದು. ಇವೆಲ್ಲವೂ ವ್ಯಾಪಾರದ ಭಾಷೆಯಲ್ಲಿ ಖರ್ಚಿನ ಕಡೆಯ ಬಾಬುಗಳು. ಎಷ್ಟು ಸರಕು ಹೊರಟಿತೆಂದು ಬರೆದಿಟ್ಟು, ಎಷ್ಟು ಹಣ ಬಂದಿತೆಂದು ಬರೆಯದ ಅಂಗಡಿಯ ಅಡಾವೆ ಪತ್ರಿಕೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು.

ಎಂಟನೆಯ ದಿನದ ಸಂಯಮವು ಫಲವಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಇಡೀ ರಾಜ್ಯವೇ ಕಂಡಿದೆ. 2020ರ ಮಾರ್ಚ್ ಕೊನೆಯಿಂದ ಲಾಕ್‌ಡೌನ್ ನಿಮಿತ್ತ ಕರ್ನಾಟಕದ ಮದ್ಯದಂಗಡಿಗಳು ಮುಚ್ಚಿದ್ದವು. ಮೇ 4ರಂದು ಬಾಗಿಲು ತೆರೆದಾಗ ಮೊದಲ ದಿನದ ವ್ಯಾಪಾರವೇ ಸುಮಾರು 45 ಕೋಟಿ ರೂಪಾಯಿ. ಮದ್ಯ ದೊರೆಯದ ಸ್ಥಳದಲ್ಲಿ ಕುಡಿಯದಿರುವುದು ಅಭಾವ. ದೊರೆಯುವ ಸ್ಥಳದಲ್ಲಿ ಕುಡಿಯದಿರುವುದು ತ್ಯಾಗ. ಶಿಬಿರದ ಅಂತ್ಯದಲ್ಲಿ ತೂಗುವುದು ಮೊದಲನೆಯದನ್ನು ಮಾತ್ರ.

ಎರಡನೆಯ ದೋಷವು ಇನ್ನೂ ಸೂಕ್ಷ್ಮವಾದುದು. ಕುಡಿತ ಬಿಟ್ಟವರೆಲ್ಲರೂ ಸೇವೆಯಿಂದಲೇ ಬಿಟ್ಟರೆಂದು ಹೇಳಲಾಗದು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಹಾನಿಕರವಾಗಿ ಕುಡಿಯುತ್ತಿದ್ದ 377 ಪುರುಷರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವು ಇಲ್ಲಿ ಮಾರ್ಗದರ್ಶಕವಾಗಿದೆ. ವೈದ್ಯರಲ್ಲದ ಸಾಮಾನ್ಯ ಸಮಾಲೋಚಕರ ನೆರವು ಪಡೆದವರಲ್ಲಿ ಒಂದು ವರ್ಷದ ನಂತರ ಶೇಕಡಾ 54 ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಆ ನೆರವಿಲ್ಲದೆ ಮಾಮೂಲು ಚಿಕಿತ್ಸೆ ಪಡೆದವರಲ್ಲಿಯೂ ಶೇಕಡಾ 32 ಮಂದಿ ಇಳಿದಿದ್ದರು. ಆದುದರಿಂದ ಸಮಾಲೋಚನೆಯ ಖಾತೆಗೆ ಜಮಾ ಆಗಬೇಕಾದುದು ಇವೆರಡರ ಅಂತರವಾದ 22 ಮಾತ್ರ. ಅವರು ಶಿಬಿರಕ್ಕೆ ಬರುವವರಷ್ಟು ತೀವ್ರ ವ್ಯಸನಿಗಳಾಗಿರದಿದ್ದರೂ, ಎಣಿಕೆಯ ನೀತಿ ಇಬ್ಬರಿಗೂ ಒಂದೇ.

ಮೂರನೆಯದು ಕಾಣೆಯಾದವರ ಪ್ರಶ್ನೆ. ಹುಮನಾಬಾದ್ ರಸ್ತೆಯಲ್ಲಿರುವ, ಕೆಂಬಾಳೆಗೆ ಹೆಸರಾದ ಕಮಲಾಪುರದಲ್ಲಿ ಒಂದು ಶಿಬಿರ ನಡೆಯಿತೆಂದು ಭಾವಿಸೋಣ. ಅರವತ್ತು ಮಂದಿ ಸೇರಿದರು. ತೊಗರಿಯ ರಾಶಿ ಮುಗಿದ ಮೇಲೆ ಈ ಭಾಗದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಅನೇಕ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುತ್ತವೆ. ವರ್ಷದ ನಂತರ ವಿಚಾರಿಸಲು ಹೋದಾಗ ಮೂವತ್ತು ಮಂದಿ ಮಾತ್ರ ಸಿಕ್ಕರು; ಅವರಲ್ಲಿ ಹದಿನೆಂಟು ಮಂದಿ ಕುಡಿಯುತ್ತಿಲ್ಲ. ಸಿಕ್ಕವರನ್ನಷ್ಟೇ ಎಣಿಸಿದರೆ ಯಶಸ್ಸು ಶೇಕಡಾ 60. ಸೇರಿದವರೆಲ್ಲರನ್ನೂ ಎಣಿಸಿದರೆ ಖಚಿತವಾದುದು ಶೇಕಡಾ 30. ವರದಿಯಲ್ಲಿ ಎರಡನೆಯ ಅಂಕಿಯೇ ಇರಬೇಕು. ಉಳಿದ ಮೂವತ್ತು ಮಂದಿ ‘ತಿಳಿಯದವರು’ ಎಂಬ ಪ್ರತ್ಯೇಕ ಸಾಲಿನಲ್ಲಿ ಇರಬೇಕು. ಸಾಲಗಾರನು ಊರು ಬಿಟ್ಟನೆಂದು ಅವನ ಹೆಸರಿನ ಪುಟವನ್ನೇ ಹರಿದುಹಾಕುವ ವರ್ತಕನು ಲಾಭವನ್ನು ತೋರಿಸಬಲ್ಲನು, ಸತ್ಯವನ್ನಲ್ಲ. ನಡುವೆ ಮೃತರಾದವರೂ ಲೆಕ್ಕದಿಂದ ಜಾರಬಾರದು. ವಿಚಾರಣೆಯ ಕಾಲವನ್ನು ಮಳೆಗಾಲದ ಆರಂಭಕ್ಕೆ, ಅಂದರೆ ದುಡಿಯಲು ಹೋದವರು ಬಿತ್ತನೆಗೆ ಮರಳುವ ಹೊತ್ತಿಗೆ, ಹೊಂದಿಸಿಕೊಂಡರೆ ಕಾಣೆಯಾದವರ ಸಂಖ್ಯೆ ತಾನಾಗಿ ಕಡಿಮೆಯಾದೀತು. ಕಲಬುರಗಿ ನಗರದ ದಾಲ್ ಮಿಲ್ಲುಗಳ ಹಮಾಲರನ್ನು ಅವರ ಕೆಲಸದ ಸ್ಥಳದಲ್ಲಿಯೇ ಕಾಣಬಹುದು.

ಯಾರನ್ನು ಕೇಳಬೇಕು ಎಂಬುದು ನಾಲ್ಕನೆಯ ಪ್ರಶ್ನೆ. ಗೋವಾದ ಅಧ್ಯಯನದಲ್ಲಿ ಮೂರನೆಯ ತಿಂಗಳ ಹೊತ್ತಿಗೆ ಮದ್ಯ ತೊರೆದವರು ಹೆಚ್ಚಿದ್ದರೂ, ಪತ್ನಿಯರ ಮೇಲಿನ ಹಿಂಸೆಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಗಂಡನು ಕುಡಿತ ಬಿಟ್ಟನೆಂಬ ಒಂದೇ ಸಾಲಿನಿಂದ ಮನೆಯ ಶಾಂತಿಯನ್ನು ಊಹಿಸಿಕೊಳ್ಳುವುದು ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮನೆಗೆ ಕೂಲಿಯ ಹಣ ಬರುತ್ತಿದೆಯೇ, ಮಕ್ಕಳು ಶಾಲೆಯಲ್ಲಿ ಉಳಿದಿದ್ದಾರೆಯೇ, ಹೊಡೆತ ನಿಂತಿತೇ ಎಂಬುದನ್ನು ಪತ್ನಿಯನ್ನೋ ತಾಯಿಯನ್ನೋ ಪ್ರತ್ಯೇಕವಾಗಿ, ಮಹಿಳೆಯರೇ ಕೇಳಬೇಕು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ದಾನಿಗೆ ಈ ಅಂಕಿಗಿಂತ ಮುಖ್ಯವಾದ ಅಂಕಿ ಯಾವುದಿದ್ದೀತು?

ಈ ವಿಧಾನಗಳು ಪರದೇಶದಿಂದ ಬಂದ ಹೊಸ ಶಾಸ್ತ್ರವೆಂದು ಸಂಕೋಚಪಡಬೇಕಿಲ್ಲ. ವ್ರತದಲ್ಲಿ ಉಂಟಾಗುವ ಅತಿಚಾರಕ್ಕೂ ವ್ರತವೇ ಮುರಿಯುವ ಅನಾಚಾರಕ್ಕೂ ಜೈನಾಚಾರವು ಭೇದವನ್ನು ಕಲ್ಪಿಸಿದೆ. ಒಮ್ಮೆ ಎಡವಿದವನನ್ನೂ ಹಳೆಯ ಬಾಳಿಗೆ ಪೂರ್ಣವಾಗಿ ಮರಳಿದವನನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದು ಸಲ್ಲದು. ಪ್ರತಿಕ್ರಮಣವು ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಎಂದು ಕಾಲಕ್ರಮದಲ್ಲಿ ನಡೆಯುವಂತೆ, ಶಿಬಿರದಿಂದ ಮರಳಿದವರ ವಿಚಾರಣೆಯೂ ಹದಿನೈದು ದಿನಕ್ಕೆ, ನಾಲ್ಕು ತಿಂಗಳಿಗೆ, ವರ್ಷಕ್ಕೆ ನಡೆಯಲಿ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಜಾರುತ್ತಿರುವವನನ್ನು ಮತ್ತೆ ನಿಲ್ಲಿಸುವುದೇ ಅದರ ಅರ್ಥ. ಸಮಂತಭದ್ರಾಚಾರ್ಯರು ಅದಕ್ಕೆ ವಾರಿಷೇಣನನ್ನು ಉದಾಹರಿಸಿದ್ದಾರೆ. ಜಾರಿದವನು ಯಾರೆಂದೇ ತಿಳಿಯದಿದ್ದರೆ ಅವನನ್ನು ನಿಲ್ಲಿಸುವುದು ಹೇಗೆ? ಉಪಗೂಹನವೂ ಅದೇ ಎಂಟರಲ್ಲಿ ಸೇರಿದೆ. ಶಿಬಿರಾರ್ಥಿಗಳ ಗುಂಪು ಛಾಯಾಚಿತ್ರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಉತ್ಸಾಹವು ಪರರ ದೋಷವನ್ನು ಮರೆಮಾಡಬೇಕೆಂಬ ಈ ಗುಣಕ್ಕೆ ವಿರುದ್ಧವಾದುದು. ಪ್ರಕಟವಾಗಬೇಕಾದುದು ಸಂಖ್ಯೆ, ಹೆಸರಲ್ಲ, ಮುಖವಲ್ಲ.

ಮಾಡಬೇಕಾದ ಕಾರ್ಯವು ದೊಡ್ಡದೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ ಹತ್ತು ಪ್ರಶ್ನೆಗಳ ‘ಆಡಿಟ್’ ಪ್ರಶ್ನಾವಳಿಯನ್ನು ಸೇರುವ ದಿನ ಒಮ್ಮೆ, ವರ್ಷದ ನಂತರ ಇನ್ನೊಮ್ಮೆ ತುಂಬಿಸಬಹುದು. 40 ಅಂಕಗಳಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯವೆಂದು ತಿಳಿಯುತ್ತದೆ. ಬಸದಿಯ ಟ್ರಸ್ಟುಗಳು ಶಿಬಿರಕ್ಕೆ ಕೊಡುವ ದೇಣಿಗೆಯ ಹತ್ತರಲ್ಲೊಂದು ಪಾಲನ್ನು ಈ ವಿಚಾರಣೆಗೇ ಮೀಸಲಿಡಬೇಕೆಂದು ಷರತ್ತು ವಿಧಿಸಬಹುದು. ಮದ್ಯ ನಿಲ್ಲಿಸಿದಾಗ ಸೆಳವು, ಭ್ರಾಂತಿ ಉಂಟಾಗಿ ಆಸ್ಪತ್ರೆಗೆ ಕಳುಹಿಸಬೇಕಾದವರೆಷ್ಟು ಎಂಬುದನ್ನೂ ವರದಿಯಲ್ಲಿ ಕೇಳಬೇಕು.

2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿತ್ತು. ಉಳಿದ 37 ಮಂದಿಯನ್ನು ತಲುಪಲು ಶಿಬಿರಗಳು ಇನ್ನೂ ಹೆಚ್ಚಬೇಕು, ಸಂದೇಹವಿಲ್ಲ. ಆದರೆ ಯಾವ ಕ್ರಮವು ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂಬುದನ್ನು ಅರಿಯದೆ ಸಂಖ್ಯೆಯನ್ನಷ್ಟೇ ಹೆಚ್ಚಿಸಿದರೆ, ಬಂದ ಆ ಒಬ್ಬನೂ ಕೈಜಾರಬಹುದು. ದಾನವು ಪುಣ್ಯಕ್ಕೆ ಕಾರಣವೆಂಬುದು ನಿಜ. ಆ ದಾನವು ಯಾರ ಮನೆಯ ದೀಪವನ್ನು ಬೆಳಗಿತೆಂದು ವರ್ಷದ ನಂತರ ಹೋಗಿ ನೋಡಿಬರುವುದೂ ದಾನಿಯ ಕರ್ತವ್ಯವೇ ಆಗಿದೆ.