ತಟ್ಟೆಯ ಪಕ್ಕದ ಬ್ರೆಡ್ಡು

ರುವಾನ್ ನಗರದ ಆ ಮನೆಯಲ್ಲಿ ಮೊದಲ ರಾತ್ರಿ ಊಟಕ್ಕೆ ಕೂತಾಗ ಬ್ರೆಡ್ಡನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಎಲ್ಲರೂ ಬಗೆತ್ ಮುರಿದು ತಟ್ಟೆಯ ಪಕ್ಕ, ಮೇಜಿನ ಬಟ್ಟೆಯ ಮೇಲೇ ಇಟ್ಟುಕೊಂಡರು. ನಾನು ತಟ್ಟೆಯೊಳಗಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು ಕಾಡಿತು.

ಸಂಶೋಧನೆಯ ಕೆಲಸಕ್ಕೆಂದು ಹೋದವಳು ನಾಲ್ಕು ತಿಂಗಳು ಆ ಮನೆಯಲ್ಲಿದ್ದೆ. ನೋಟ್‌ಬುಕ್ಕಿನಲ್ಲಿ ‘ಫ್ರೆಂಚರು’ ಎಂದು ತಲೆಬರಹ ಕೊಟ್ಟು ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಸ್ನಾನದ ಕೋಣೆ ಬೇರೆ, ಕಕ್ಕಸು ಬೇರೆ. ಕತ್ತಲಾದರೆ ಕಿಟಕಿಯ ಹೊರಬಾಗಿಲುಗಳನ್ನು ಮುಚ್ಚುತ್ತಾರೆ. ಊಟದ ಹೊತ್ತಿನಲ್ಲಿ ಕೈ ಮೇಜಿನ ಮೇಲಿರಬೇಕು, ತೊಡೆಯ ಮೇಲಲ್ಲ. ಸಾಲಡ್‌ನ ಎಲೆಯನ್ನು ಕತ್ತರಿಸಬಾರದು, ಮಡಚಬೇಕು. ಒಮ್ಮೆ ಬ್ರೀ ಚೀಸಿನ ತ್ರಿಕೋನದ ಮೂತಿಯನ್ನು ಅಡ್ಡಕ್ಕೆ ಕತ್ತರಿಸಿಬಿಟ್ಟೆ. ಮೂತಿಯೆಂದರೆ ನಡುವಿನ ಮೆತ್ತನೆಯ ಭಾಗ. ಅದನ್ನೊಬ್ಬರೇ ಎತ್ತಿಕೊಂಡರೆ ಉಳಿದವರಿಗೆ ಸಿಪ್ಪೆಯೇ ಗತಿ. ಆ ದಿನ ಮಾತ್ರ ಮನೆಯೊಡತಿ ನಗುತ್ತಲೇ ತಿದ್ದಿದರು. ಅದೇ ಮನೆಯೊಡತಿ ಸಾಸಿನ ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೇ ಅದ್ದುತ್ತಿದ್ದರು. ನಮ್ಮಜ್ಜಿ ನೋಡಿದ್ದರೆ ಎಂಜಲೆಂದು ಇಡೀ ಪಾತ್ರೆಯನ್ನು ಹಿತ್ತಿಲಿಗೆ ಸುರಿಯುತ್ತಿದ್ದಳು.

ನಾನು ಓದುತ್ತಿದ್ದದ್ದು ಆನಿ ಎರ್ನೋ ಅವರನ್ನು. (2022ರಲ್ಲಿ ಅವರಿಗೆ ನೊಬೆಲ್ ಬಂದಾಗ ನಾನೂ ‘ಎರ್ನಾಕ್ಸ್’ ಎಂದೇ ಓದಿಕೊಂಡಿದ್ದೆ.) 1983ರ ‘ಲಾ ಪ್ಲಾಸ್’ ಅವರು ತಮ್ಮ ತಂದೆಯ ಬಗ್ಗೆ ಬರೆದ ಸಣ್ಣ ಪುಸ್ತಕ. ಕೂಲಿಯಾಳಾಗಿ ಬೆಳೆದು, ಕಾರ್ಖಾನೆಯಲ್ಲಿ ದುಡಿದು, ಕೊನೆಗೆ ನಾರ್ಮಂಡಿಯ ಇವ್ತೋ ಎಂಬ ಊರಿನಲ್ಲಿ ಕೆಫೆ ಮತ್ತು ದಿನಸಿ ಅಂಗಡಿ ನಡೆಸಿದ ಮನುಷ್ಯ. ಅವನು ಊಟಕ್ಕೆ ಕೂರುವ ರೀತಿಗೆ ಎರ್ನೋ ಕೆಲವೇ ಸಾಲು ಕೊಡುತ್ತಾರೆ. ಸ್ವಂತ ಚಾಕುವಿನಿಂದ ಬ್ರೆಡ್ಡನ್ನು ಸಣ್ಣ ಸಣ್ಣ ತುಂಡು ಮಾಡಿ ತಟ್ಟೆಯ ಪಕ್ಕ ಜೋಡಿಸಿಕೊಳ್ಳುತ್ತಾನೆ, ಅದರಲ್ಲೇ ಸಾಸನ್ನು ಒರೆಸಿ ತಿನ್ನುತ್ತಾನೆ. ತೊಳೆಯದೆ ಎತ್ತಿಡಬಹುದು, ಅಷ್ಟು ಚೊಕ್ಕಟ ಅವನ ತಟ್ಟೆ. ಮಗಳು ಅನ್ನ ಬಿಟ್ಟರೆ ಅವನಿಗೆ ಸಂಕಟ. ಅನ್ನವೆಂದು ಬರೆದುಬಿಟ್ಟೆ ನೋಡಿ, ಇರಲಿ.

ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಟಾನ್ಯಾ ಲೆಸ್ಲಿಯವರ ಇಂಗ್ಲಿಷ್ ಅನುವಾದ ಓದುವಾಗ ಈ ಸಾಲುಗಳು ನನಗೆ ಚೆಂದ ಕಂಡಿದ್ದವು. ಫ್ರಾನ್ಸ್, ಬ್ರೆಡ್ಡು, ಮರದ ಹಿಡಿಯ ಚಾಕು. ಅದೊಂದು ಚಿತ್ರವಾಗಿತ್ತು. ಎರ್ನೋ ತಮ್ಮ ಶೈಲಿಯನ್ನು ಚಪ್ಪಟೆ ಬರಹ ಎನ್ನುತ್ತಾರೆ, ಮನೆಗೆ ಕಾಗದ ಬರೆಯುವಾಗಿನ ಭಾಷೆ ಅದು. ನಮ್ಮ ಸೆಮಿನಾರುಗಳಲ್ಲಿ ಅದನ್ನು ಸರಳತೆ ಎಂದು ಹೊಗಳಿ ಮುಗಿಸುತ್ತೇವೆ. ನಾನೂ ಹಾಗೇ ಒಂದು ಪ್ರಬಂಧ ಮಂಡಿಸಿದ್ದೇನೆ.

ಒಂದು ಭಾನುವಾರ ಮನೆಯೊಡತಿಯ ಅಣ್ಣ ಬಂದರು. ಎಪ್ಪತ್ತು ದಾಟಿದ ರೈತ. ಊಟಕ್ಕೆ ಕೂತವರೇ ಜೇಬಿನಿಂದ ಚಾಕು ತೆಗೆದು ಬಿಡಿಸಿ, ಬ್ರೆಡ್ಡನ್ನು ಚೌಕ ಚೌಕವಾಗಿ ಕೊಯ್ದು ಸಾಲಾಗಿ ಇಟ್ಟುಕೊಂಡರು. ನನಗೆ ಪುಸ್ತಕವೇ ಎದ್ದು ಬಂದಷ್ಟು ಸಂತೋಷ. ಆದರೆ ಮನೆಯೊಡತಿ ಅಣ್ಣನ ಕೈಯನ್ನು ನೋಡಿ, ಆಮೇಲೆ ನನ್ನ ಮುಖ ನೋಡಿದರು. ಊಟವಾದ ಮೇಲೆ ಪಾತ್ರೆ ತೊಳೆಯುತ್ತ, ನಾನು ಕೇಳದೆಯೇ ಹೇಳಿದರು: “ಅವನು ಹಳ್ಳಿಯಲ್ಲೇ ಉಳಿದುಬಿಟ್ಟ.”

ನನ್ನ ನೋಟ್‌ಬುಕ್ಕಿನ ತಲೆಬರಹ ತಪ್ಪಾಗಿತ್ತು. ಬ್ರೆಡ್ಡನ್ನು ಮುರಿಯುವವರೂ ಕೊಯ್ಯುವವರೂ ಇಬ್ಬರೂ ಫ್ರೆಂಚರೇ, ಒಂದೇ ತಾಯಿಯ ಮಕ್ಕಳು. ನಾನು ದೇಶದ ಲಕ್ಷಣವೆಂದು ಬರೆದುಕೊಂಡದ್ದರಲ್ಲಿ ಎಷ್ಟೋ ಒಂದು ವರ್ಗದ ಲಕ್ಷಣ. ಎರ್ನೋ ಬರೆಯುವುದು ಇದನ್ನೇ. ಚಾಕುವಿನ ಬಗ್ಗೆ ಅವರು ಮರುಗುವುದಿಲ್ಲ, ಮೆಚ್ಚುವುದೂ ಇಲ್ಲ. ಎರಡನ್ನೂ ಕಿತ್ತುಹಾಕಿ ಆ ಜಾಗವನ್ನು ಖಾಲಿ ಬಿಡುತ್ತಾರೆ. ಓದುವವರು ಅಲ್ಲಿ ತಮ್ಮದನ್ನು ತುಂಬಬೇಕು. ನಾನು ತುಂಬಿದ್ದು ಪ್ರವಾಸಿಯ ಬೆರಗನ್ನು. ಆ ಮನೆಯೊಡತಿ ಓದಿದ್ದರೆ ನಾಚಿಕೆಯನ್ನು ತುಂಬುತ್ತಿದ್ದರೇನೋ. ಹಾಗಾಗಿ ಇದು ಸರಳ ಬರಹವಲ್ಲ, ಓದುಗರನ್ನು ಬಯಲಿಗೆಳೆಯುವ ಬರಹ. ಹೊರನಾಡಿನ ಅನುಭವಗಳ ಕನ್ನಡ ಬರಹಗಳಲ್ಲಿ ನಾನು ಓದಿದ ಬಹುಪಾಲು ‘ಅವರು ಹೀಗೆ, ನಾವು ಹೀಗೆ’ ಎಂಬಲ್ಲಿಗೇ ನಿಲ್ಲುತ್ತವೆ. ‘ನಾವು’ ಎಂದಾಗ ಯಾರ ಅಡುಗೆಮನೆ ಎಂದು ಅವು ಕೇಳಿಕೊಂಡದ್ದು ಕಡಿಮೆ.

ಎರ್ನೋ ಬಗ್ಗೆ ನನಗೊಂದು ತಕರಾರೂ ಇದೆ. 1981ರ ‘ಲಾ ಫಾಮ್ ಜಲೇ’ ಕಾದಂಬರಿಯಲ್ಲಿ ಅಪ್ಪ ತರಕಾರಿ ಹೆಚ್ಚುತ್ತಾನೆ, ಪಾತ್ರೆ ತೊಳೆಯುತ್ತಾನೆ. ಅಂಗಡಿಯ ಯಜಮಾನಿಕೆ ಅಮ್ಮನದು. ಓದಿದವರ ಮನೆಗಳಲ್ಲಿ ಇಲ್ಲದ ಸಮಾನತೆ ಅದು. ‘ಲಾ ಪ್ಲಾಸ್’ಗೆ ಬಂದಾಗ ಆ ಅಪ್ಪ ಹಿಂದೆ ಸರಿದಿದ್ದಾನೆ. ವರ್ಗದ ಕತೆ ಹೇಳಲು ಪಾತ್ರೆ ತೊಳೆಯುವ ಕೈ ಬೇಡವಾಯಿತೇ? ಎರಡನ್ನೂ ಜೊತೆಗಿಟ್ಟು ಓದಿದರೆ ಮಾತ್ರ ಆ ಮನುಷ್ಯ ಪೂರ್ತಿ ಸಿಗುತ್ತಾನೆ.

ತನ್ನನ್ನು ಕೀಳಾಗಿ ಕಂಡ ಲೋಕಕ್ಕೆ ಮಗಳು ಸೇರಿದಳೆಂಬುದೇ ಆ ತಂದೆಯ ದೊಡ್ಡ ಹೆಮ್ಮೆಯಾಗಿತ್ತೇನೋ ಎಂದು ಎರ್ನೋ ಪುಸ್ತಕದ ಕೊನೆಯ ಹೊತ್ತಿಗೆ ಬರೆಯುತ್ತಾರೆ. ಆ ಪುಟವನ್ನು ರುವಾನ್‌ನಲ್ಲಿ ಮತ್ತೆ ಓದಲು ನನ್ನಿಂದಾಗಲಿಲ್ಲ. ನಮ್ಮಪ್ಪನದೂ ದಿನಸಿ ಅಂಗಡಿ. ಕಾಫಿಯನ್ನು ಬಸಿಗೆ ಸುರಿದುಕೊಂಡು ಸೊರ್ರೆಂದು ಹೀರುವುದು ಅವರ ರೂಢಿ. ಮೂರು ವರ್ಷದ ಹಿಂದೆ ನನ್ನ ಗೈಡ್ ಊರಿಗೆ ಬಂದಾಗ ಅಡುಗೆಮನೆಗೆ ಕರೆದು ಹೇಳಿದ್ದೆ, “ಅಪ್ಪಾ, ಇವತ್ತೊಂದಿನ ಕಪ್ಪಲ್ಲೇ ಕುಡಿ.” ಅವರು ತಲೆಯಾಡಿಸಿದರು. ಗೈಡ್ ಹೊರಟಾಗ ಬಸ್‌ಸ್ಟಾಪಿನಲ್ಲಿ, ಕೇಳದೆಯೇ, “ಅಪ್ಪ ಹಳ್ಳಿಯವರು ಮೇಡಂ” ಎಂದಿದ್ದೆ.

ಈ ಸಲ ಊರಿಗೆ ಹೋದಾಗ ನಾವಿಬ್ಬರೇ ಜಗಲಿಯಲ್ಲಿ ಕೂತಿದ್ದೆವು. ಅಮ್ಮ ಎರಡು ಕಾಫಿ ತಂದಿಟ್ಟಳು. ಬಸಿ ಅಲ್ಲೇ ಇತ್ತು. ಅಪ್ಪ ಕಪ್ಪನ್ನೆತ್ತಿಕೊಂಡು, ಬಾಯಿ ಸುಡುತ್ತಿದ್ದರೂ, ಸದ್ದಿಲ್ಲದೆ ಕುಡಿದರು.